ಹ್ಯಾಂಡಲಿನ ಮೇಲಿನ ಬಿಳಿ ಟವಲು

ಬೋರಿನ ಪೈಪು ನೀರು ಕೊಡುವ ಮೊದಲು ಕೆಮ್ಮುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಮೂರು ನಾಲ್ಕು ಸಲ ಬುಸ್ಸೆಂದು ಹೊರಬರುತ್ತದೆ, ಆಮೇಲೆ ತುಕ್ಕಿನ ಬಣ್ಣದ ನೀರು ಒಂದಿಷ್ಟು, ಅದರ ಹಿಂದೆ ತಿಳಿನೀರು. ಆ ಮೊದಲ ನೀರಿಗೆ ಕಬ್ಬಿಣದ, ಹಸಿಮಣ್ಣಿನ ಒಂದು ವಾಸನೆಯಿದೆ. ಅದು ಮೂಗಿಗೆ ಬಂದರೆ ಸಾಕು, ನನಗೆ ಹಸಿವಾಗುತ್ತಿತ್ತು. ಹೊಟ್ಟೆ ತುಂಬ ಉಂಡಿದ್ದರೂ ಅಷ್ಟೇ. ಹದಿಮೂರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ನಾನು ಆಳಂದದ ಒಂದು ತರಬೇತಿ ಕೇಂದ್ರದಲ್ಲಿ ಹುಡುಗ ಹುಡುಗಿಯರಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಸುತ್ತೇನೆ. ಇದಕ್ಕೂ ಮೊದಲು ಜೇವರ್ಗಿಯಲ್ಲಿ ಮೂರು ವರ್ಷ, ಅಫಜಲಪುರದಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದೆ. ಮೂರೂ ಕಡೆ ಹುಡುಗರು ನನಗೆ ಇಟ್ಟ ಹೆಸರು ಒಂದೇ, ಕಾರ್ಡ್ ಮೇಡಂ. ಮೊದಲ ದಿನ ನಾನು ವೋಲ್ಟೇಜು, ಆಂಪಿಯರು ಏನೂ ಹೇಳುವುದಿಲ್ಲ. ಒಂದು ಕೆಂಪು ಕಾರ್ಡು ಎತ್ತಿ ತೋರಿಸುತ್ತೇನೆ. 'ಕೆಲಸ ನಡೆದಿದೆ, ಚಾಲೂ ಮಾಡಬೇಡಿ' ಎಂದು ಅದರ ಮೇಲೆ ಬರೆದಿರುತ್ತದೆ. ಅದನ್ನು ಸ್ವಿಚ್ಚಿಗೆ ತೂಗುಹಾಕಿದವರೇ ತೆಗೆಯಬೇಕು. ಬೇರೆಯವರು ಸೊಟ್ಟಗಿದೆ ಎಂದು ನೆಟ್ಟಗೆ ಮಾಡಲಿಕ್ಕೂ ಮುಟ್ಟಕೂಡದು. ಜೇವರ್ಗಿಯಲ್ಲಿ ಒಬ್ಬ ಹುಡುಗ ಧೂಳು ಒರೆಸಲು ಕಾರ್ಡು ತೆಗೆದು ಮತ್ತೆ ಹಾಕಿದ. ಮೂರು ದಿನ ಅವನನ್ನು ಹೊರಗೆ ನಿಲ್ಲಿಸಿದೆ. "ಯಪ್ಪಾ, ಸಪ್ಲೈನೇ ಇಲ್ಲದ ಬೋರ್ಡಿಗಿ ಇಷ್ಟ್ಯಾಕ ಸಿಟ್ಟು ಈ ಮೇಡಂಗೆ?" ಎಂದು ಅವನು ಗೆಳೆಯನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕೇಳಿಸದವಳಂತೆ ಇದ್ದೆ.

ಈ ವರ್ಷ ಮಳೆ ಹಿಂದೆ ಸರಿದ ಮೇಲೆ ಹಳ್ಳಿಹಳ್ಳಿಗೆ ಹೋಗಿ ರೈತರಿಗೆ ವಿದ್ಯುತ್ ಸುರಕ್ಷತೆಯ ಬಗ್ಗೆ ತಿಳಿಸಿ ಬರಬೇಕೆಂದು ಮೇಲಿನವರು ಪಟ್ಟಿ ಕೊಟ್ಟರು. ಮಟಕಿ ಆಯಿತು, ಜಿಡಗಾ ಆಯಿತು. ಮೂರನೆಯದು ಸರಸಂಬಾದ ರಸ್ತೆಯಿಂದ ಒಳಕ್ಕೆ ಹೋಗುವ ನಮ್ಮೂರು. ಎರಡು ವರ್ಷದ ಹಿಂದೆ ನನ್ನ ಚಿಕ್ಕಪ್ಪ, ಕಾಕಾ, ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದವಳು ಮತ್ತೆ ಕಾಲಿಟ್ಟಿರಲಿಲ್ಲ. ಬೇರೆಯವರನ್ನು ಕಳಿಸಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ವ್ಯಾನಿನಲ್ಲಿ ಮಾದರಿ ಬೋರ್ಡು, ರಬ್ಬರ್ ಕೈಗವಸು, ಕೆಂಪು ಕಾರ್ಡಿನ ಕಟ್ಟು ಹಾಕಿಕೊಂಡು ಹೊರಟೆ. ಊರ ಹೊರಗೆ ತೊಗರಿ ಆಳೆತ್ತರ ನಿಂತಿತ್ತು, ಕೆಳಗೆ ಕಾಯಿ, ಮೇಲೆ ಇನ್ನೂ ಹಳದಿ ಹೂವು. ರಸ್ತೆ ಬದಿಯ ಹೊಲದಲ್ಲಿ ಯಾರದೋ ಪೈಪು ಕೆಮ್ಮಿತು. ವಾಸನೆ ಬಂತು. ಬೆಳಿಗ್ಗೆ ನಾಲ್ಕು ಇಡ್ಲಿ ತಿಂದಿದ್ದ ನನಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಯಿತು.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಅದು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋಗಿದ್ದರು. ಪರೀಕ್ಷೆಯ ವರ್ಷ ಎಂದು ನನ್ನೊಬ್ಬಳನ್ನು ಕಾಕಾನ ಮನೆಯಲ್ಲಿ ಬಿಟ್ಟಿದ್ದರು. ಅಪ್ಪನ ತಮ್ಮ ಮಿಲಿಂದ ಕಾಕಾ. ಎರಡೆಕರೆ ಹೊಲ, ಉಳಿದಂತೆ ಕೂಲಿ. ಆದರೆ ಊರಲ್ಲಿ ಎಲ್ಲಿ ಕರೆಂಟು ಕೈಕೊಟ್ಟರೂ ಎಲ್ಲರೂ ಬಂದು ನಿಲ್ಲುತ್ತಿದ್ದುದು ನಮ್ಮ ಕೇರಿಯ ಬುದ್ಧವಿಹಾರದ ಕಟ್ಟೆಯ ಬಳಿ. "ಮಿಲಿಂದಾ, ಇದೇನ್ ನೋಡು ಬಾ ಮಾರಾಯಾ" ಎಂದು ಕೂಗುತ್ತಿದ್ದರು. ಸರಕಾರಿ ಲೈನ್‌ಮನ್‌ಗೆ ಹನ್ನೆರಡು ಹಳ್ಳಿ, ಅವನು ಬರುವಷ್ಟರಲ್ಲಿ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಿಡುವ ಹೊತ್ತು ಮುಗಿದಿರುತ್ತಿತ್ತು. ಕಾಕಾ ಯಾವ ಶಾಲೆಯಲ್ಲೂ ಇದನ್ನು ಕಲಿತವನಲ್ಲ. ಹಿಟ್ಟಿನ ಗಿರಣಿಯಲ್ಲಿ ಹತ್ತು ವರ್ಷ ದುಡಿಯುತ್ತ, ಮೋಟಾರು ಸುಟ್ಟಾಗಲೆಲ್ಲ ಬಿಚ್ಚಿ ನೋಡುತ್ತ ಕಲಿತಿದ್ದ. ಬೇರೆ ದಿನ ನಮ್ಮ ಕೇರಿಯ ಕಡೆ ತಲೆಯೂ ತಿರುಗಿಸದವರು ಪಂಪು ನಿಂತ ದಿನ ನಮ್ಮ ಮನೆಯ ಮುಂದೆ ಮೋಟಾರ್‌ಸೈಕಲ್ ನಿಲ್ಲಿಸುತ್ತಿದ್ದರು. ಆಗ ಕಾಕಾನ ಮೀಸೆ ಸ್ವಲ್ಪ ಮೇಲಾಗುತ್ತಿತ್ತು.

ನನಗೆ ಕರೆಂಟಿನ ಪರಿಚಯವಾಗಿದ್ದೂ ಆ ಗಿರಣಿಯಲ್ಲೇ. ಆಷಾಢದ ಜಿಟಿಜಿಟಿ ಮಳೆ. ಜೋಳದ ಬುಟ್ಟಿ ಹೊತ್ತು ಬರಿಗಾಲಲ್ಲಿ ಹೋಗಿದ್ದೆ. ಜೋಳ ಸುರಿಯುವ ತಗಡಿನ ಬಾಯಿಗೆ ಕೈ ಇಟ್ಟೆ, ಬುಟ್ಟಿ ಒಂದು ಕಡೆ, ನಾನು ಒಂದು ಕಡೆ. ಮೊಣಕೈತನಕ ಜೋಮು ಹಿಡಿದಿತ್ತು. ಅಳಬೇಕೋ ಬೇಡವೋ ತಿಳಿಯದೆ ಕೂತಿದ್ದೆ. ಕಾಕಾ ಓಡಿಬಂದು ಮೊದಲು ಮೇನ್ ಸ್ವಿಚ್ಚು ಇಳಿಸಿದ, ಆಮೇಲೆ ನನ್ನ ಕೈ ಹಿಡಿದು ನೋಡಿದ, ಕೊನೆಗೆ ನಕ್ಕ.

"ಹಿಡೀತೇನು?" ಎಂದ.

"ಹೂಂ. ಯಾಕ ಹಿಡೀತದ ಕಾಕಾ ಅದು?"

"ಅದು ಯಾರನ್ನೂ ಹಿಡಿಯಂಗಿಲ್ಲ ಬೇ. ಅದಕ್ಕ ಮಣ್ಣಿಗೆ ಹೋಗೋದದ, ಅಷ್ಟೇ. ದಾರಿ ಹುಡುಕಾಕತ್ತಿತ್ತು. ನೀ ಹಸಿ ಕಾಲಿಲೆ ಬಂದು ದಾರಿ ಆದಿ."

ಗಿರಣಿಯ ಹಿಂದೆ ಕರೆದೊಯ್ದು ತೋರಿಸಿದ. ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಉಪ್ಪು, ಇದ್ದಿಲು, ನಡುವೆ ಒಂದು ಪೈಪು, ಪೈಪಿನಿಂದ ಗಿರಣಿಯ ಮೈಗೆ ತಂತಿ. ಯಂತ್ರದ ಮೈಗೆ ಕರೆಂಟು ಬಂದರೆ ಈ ದಾರಿಯಲ್ಲಿ ಮಣ್ಣಿಗೆ ಇಳಿದು ಹೋಗಬೇಕು. ತಂತಿ ತುಕ್ಕು ಹಿಡಿದು ಕಡಿದಿತ್ತು, ಅದಕ್ಕೇ ನನಗೆ ಬಡಿದದ್ದು. ಕಾಕಾ ಅಂದೇ ಹೊಸ ತಂತಿ ಹಾಕಿದ. ನಮ್ಮ ಕರಿಮಣ್ಣು ಒಣಗಿದರೆ ಬಿರುಕುಬಿಟ್ಟು ಪೈಪನ್ನು ಬಿಟ್ಟುಬಿಡುತ್ತದೆ, ಆಗ ಆ ಗುಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. "ಮಳಿ ನಿಂತ ಮ್ಯಾಲ ದಿನಾ ಒಂದು ಕೊಡ ನೀರು ಹಾಕೋದು ನಿನ್ನ ಕೆಲಸ. ಮರತಿ ಅಂದ್ರ ಊರ ಹೆಣ್ಮಕ್ಕಳಿಗೆಲ್ಲಾ ಕರೆಂಟ್ ಹೊಡಸ್ತಿ ನೋಡು" ಎಂದ. ದಿನಾ ಸಂಜೆ ಶಾಲೆಯಿಂದ ಬಂದು ಆ ಗುಂಡಿಗೆ ನೀರು ಹೊಯ್ಯುತ್ತಿದ್ದೆ. ಗೆಳತಿಯರು ಅದಕ್ಕೇನು ಗಿಡ ಬರುತ್ತದೇನೇ ಎಂದು ಕಾಡುತ್ತಿದ್ದರು. ಬರುತ್ತದೆ, ಬಲ್ಬು ಬಿಡುತ್ತದೆ, ಬಾ ಕೀಳಲಿಕ್ಕೆ ಎನ್ನುತ್ತಿದ್ದೆ.

ಅಂದಿನಿಂದ ನಾನು ಕಾಕಾನ ಬೆನ್ನು ಬಿಡಲಿಲ್ಲ. ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಹಚ್ಚಿ ಅದು ಜೀವಂತವಿದೆಯೇ ನೋಡಿಕೊಂಡು ಆಮೇಲೆ ಅನುಮಾನದ ಕಡೆ ಹಚ್ಚಬೇಕು ಎಂದು ಕಲಿಸಿದ. ಫ್ಯೂಜಿನ ತಂತಿ ದಪ್ಪ ಹಾಕಿದರೆ ಫ್ಯೂಜು ಉಳಿದು ಮನೆ ಸುಡುತ್ತದೆ ಎಂದ. ವಿಜ್ಞಾನದ ಪುಸ್ತಕದಲ್ಲಿ ಸತ್ತಂತೆ ಬಿದ್ದಿದ್ದ ಪಾಠ ನನ್ನ ಕೈಯಲ್ಲಿ ಎದ್ದು ಕೂತಿತ್ತು. ಅಷ್ಟು ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿಸಿ ಎನ್ನುತ್ತಾರೆ. ಹೊಲದ ಟಿಸಿಗೆ ಒಂದು ಉದ್ದ ಕಬ್ಬಿಣದ ಹ್ಯಾಂಡಲ್ ಇರುತ್ತದೆ. ಕೆಳಗೆಳೆದರೆ ಕರೆಂಟು ಬಂದ್, ಮೇಲೆತ್ತಿದರೆ ಚಾಲೂ. ಒಂದು ಟಿಸಿಗೆ ಏಳೆಂಟು ರೈತರು. ಅದಕ್ಕೆ ಊರವರು ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಕಂಬ ಹತ್ತುವವನು ಹ್ಯಾಂಡಲ್ ಇಳಿಸಿ ತನ್ನ ಟವಲು ಅದಕ್ಕೆ ಹಾಕಿ ಹೋಗಬೇಕು. ಟವಲಿದ್ದರೆ ಯಾರೂ ಮುಟ್ಟುವ ಹಾಗಿಲ್ಲ. ಟವಲು ಇಲ್ಲದಿದ್ದರೂ, ಎತ್ತುವವನು ಎತ್ತುವ ಮೊದಲು ಹೊಲದ ಕಡೆ ಮುಖ ಮಾಡಿ ಮೂರು ಸಲ ಕೂಗಬೇಕು. ತೊಗರಿ ಬೆಳೆದು ನಿಂತರೆ ಕಂಬದ ಮೇಲಿನ ಮನುಷ್ಯ ಟಿಸಿಯಿಂದ ಕಾಣುವುದಿಲ್ಲವಲ್ಲ, ಅದಕ್ಕೆ. ಕಾಕಾ ಯಾವಾಗಲೂ ಕೆಂಪು ಟವಲು ಹಾಕುತ್ತಿದ್ದ. ಮಾಸಿ, ತೂತುಬಿದ್ದು, ಗ್ರೀಸ್ ಮೆತ್ತಿದ ಒಂದೇ ಟವಲು. ಕೆಂಪು ಕಂಡರೆ ಕಾಕಾ ಮೇಲಿದ್ದಾನೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬಣ್ಣ ಲೆಕ್ಕಕ್ಕಿಲ್ಲ, ಟವಲು ಇರುವುದೇ ಗುರುತು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ತೊಗರಿಗೆ ಕಾಯಿ ಕಟ್ಟುವ ಹೊತ್ತಿನ ಒಂದು ಭಾನುವಾರ. "ಆ ಕೆಂಪು ಟವಲ್ ನಾರಾಕತ್ತದ, ಒಗದು ಹಾಕು ಬೇ ಸುನಂದಿ" ಎಂದಳು ಕಾಕು, ಕಾಕಾನ ಹೆಂಡತಿ. ಒಗೆದು ಹಗ್ಗದ ಮೇಲೆ ಹಾಕಿದೆ. ಅಷ್ಟರಲ್ಲಿ ಯಾರೋ ಬಂದರು, ಕಂಬದ ಮೇಲೆ ತಂತಿಯ ಜೋಡಣೆ ಸುಟ್ಟಿದೆ, ಬೇಗ ಬಾ ಎಂದರು. ಕಾಕಾ ಹಸಿ ಟವಲಿನ ಕಡೆ ನೋಡಿ, ಗೂಟಕ್ಕಿದ್ದ ಬಿಳಿ ಟವಲು ಎಳೆದುಕೊಂಡು ಹೊರಟ. ಅದು ನೀಲಿ ಅಂಚಿನ ಹೊಸ ಟವಲು, ಅಪ್ಪ ಪುಣೆಯಿಂದ ಕಳಿಸಿದ್ದು, ಮದುವೆಗೆ ಮಾತ್ರ ಹೆಗಲೇರುತ್ತಿತ್ತು. "ಅಯ್ಯ ನನ್ನ ಕರ್ಮವೇ! ಹೊಸಾ ಟವಲ್ ತೊಗೊಂಡು ಹೊಂಟಾನ ನೋಡು. ಗ್ರೀಸ್ ಹಚ್ಕೊಂಡು ಬಾ, ಇವತ್ತ ಅದ ನಿನಗ!" ಎಂದು ಕಾಕು ಬಾಗಿಲಲ್ಲಿ ನಿಂತು ಕೂಗಿದಳು. ಕಾಕಾ ಹಿಂತಿರುಗಿ ನೋಡದೆ ಕೈ ಬೀಸಿದ.

ಹನ್ನೊಂದರ ಸುಮಾರಿಗೆ ಕಾಕು ಬುತ್ತಿ ಕಟ್ಟಿಕೊಟ್ಟಳು. ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಗುರುಪಾದಪ್ಪ ಸಾವಕಾರರ ಬೋರಿನ ಹತ್ತಿರ ಕಾಕಾ ಊಟಕ್ಕೆ ಕೂರುವುದು ರೂಢಿ, ಅಲ್ಲಿ ನೆರಳಿತ್ತು, ನೀರಿನ ತೊಟ್ಟಿ ಇತ್ತು. ದಾರಿಯಲ್ಲಿ ಟಿಸಿ. ಹ್ಯಾಂಡಲಿಗೆ ಬಿಳಿ ಟವಲು ಜೋತಾಡುತ್ತಿತ್ತು. ಒಂದು ಮಗ್ಗುಲಿಗೆ ನಾಲ್ಕು ಬೆರಳಿನ ಗ್ರೀಸ್ ಗುರುತು. ಕಾಕಾ ಎಲ್ಲೆಂದರಲ್ಲಿ ಟವಲು ಬಿಟ್ಟುಬರುವವನು, ಕೆಲಸ ಮುಗಿಸಿ ಮರೆತು ಹೋಗಿದ್ದಾನೆ ಅಂದುಕೊಂಡೆ. ಹ್ಯಾಂಡಲ್ ಮೇಲಿದೆಯೋ ಕೆಳಗಿದೆಯೋ ನೋಡಲಿಲ್ಲ. ಕಾಕುವಿನ ಕಣ್ಣಿಗೆ ಬೀಳುವ ಮೊದಲು ಗ್ರೀಸ್ ತೊಳೆದುಬಿಟ್ಟರೆ ಬೈಗುಳ ತಪ್ಪುತ್ತದೆ ಎನಿಸಿತು. ಟವಲು ಹೆಗಲಿಗೆ ಹಾಕಿಕೊಂಡು ನಡೆದೆ.

ತೊಟ್ಟಿಯ ಹತ್ತಿರ ಕಾಕಾ ಇರಲಿಲ್ಲ. ಬರುತ್ತಾನೆ ಎಂದುಕೊಂಡೆ. ಒಗೆಯುವ ಕಲ್ಲಿನ ಮೇಲೆ ಯಾರೋ ಬಿಟ್ಟ ಸೋಪಿನ ಚೂರಿತ್ತು. ತೊಟ್ಟಿಯ ತಳದಲ್ಲಿ ಉಳಿದಿದ್ದ ಪಾಚಿನೀರಲ್ಲಿ ಟವಲು ನೆನೆಸಿ ತಿಕ್ಕಿದೆ. ಗ್ರೀಸು ಹೋಯಿತು, ಆದರೆ ಜಾಲಿಸಲು ನೀರು ಸಾಲಲಿಲ್ಲ. ಆಗ ಪೈಪು ಕೆಮ್ಮಿತು. ಸಾವಕಾರರ ಪಂಪಿಗೆ ಆಟೋ ಸ್ಟಾರ್ಟರ್ ಇತ್ತು, ಕರೆಂಟು ಬಂದರೆ ತಾನೇ ಶುರುವಾಗುತ್ತಿತ್ತು. ಬುಸ್ ಬುಸ್ ಎಂದು ಗಾಳಿ, ಆಮೇಲೆ ತುಕ್ಕುನೀರು, ಆಮೇಲೆ ಹಾಲಿನಂಥ ಬಿಳಿ ನೀರು ಧೋ ಎಂದು ಬಿತ್ತು. ಅಬಾಬಾ, ಸರಿಯಾದ ಹೊತ್ತಿಗೆ ಬಂತು ಎಂದು ನಗುತ್ತ ಟವಲನ್ನು ಆ ಧಾರೆಗೆ ಹಿಡಿದೆ.

ತೊಗರಿಯ ಒಳಗಿಂದ ಕೂಗು ಕೇಳಿತು. ಮನುಷ್ಯರ ಕೂಗಿನ ಹಾಗೆ ಇರಲಿಲ್ಲ.

ಎರಡು ಕಂಬದ ಆಚೆ ಕಾಕಾ ತೊಗರಿ ಗಿಡಗಳ ಮೇಲೆ ಬಿದ್ದಿದ್ದ. ಗಿಡ ದಟ್ಟವಾಗಿದ್ದರಿಂದ ತಲೆ, ಬೆನ್ನು ಉಳಿದವು. ಬಲಗೈ ಕಪ್ಪಗಾಗಿತ್ತು. ಆ ಕಡೆ ಈ ಕಡೆ ಹೊಲದವರು ಓಡಿ ಬಂದರು. ಟಿಸಿ ಕಡೆಯಿಂದ ಗುರುಪಾದಪ್ಪ ಸಾವಕಾರರು ಧೋತರ ಎತ್ತಿ ಹಿಡಿದು ಓಡಿ ಬಂದರು. ಹ್ಯಾಂಡಲ್ ಎತ್ತಿದವರು ಅವರು. ಕೂಗು ಕೇಳಿ ಇಳಿಸಿದವರೂ ಅವರೇ.

"ಟವಲ್... ಟವಲ್ ಹಾಕಿದ್ನಲ್ರೋ" ಎನ್ನುತ್ತಿದ್ದ ಕಾಕಾ, ಕಣ್ಣು ಮುಚ್ಚಿಕೊಂಡೇ.

"ಇರಲಿಲ್ಲೋ ತಮ್ಮಾ! ನಮ್ಮಪ್ಪನ ಆಣಿಗೂ ಅಲ್ಲಿ ಟವಲ್ ಇರಲಿಲ್ಲ!" ಸಾವಕಾರರ ದನಿ ಒಡೆದಿತ್ತು.

"ಸುಳ್ಳ ಯಾಕ ಹೇಳ್ತೀರಿ ಸಾವಕಾರ್ರ?" ನಮ್ಮ ಕೇರಿಯವನೊಬ್ಬ ಅವರ ಎದೆಗೆ ಎದೆ ಕೊಟ್ಟು ನಿಂತ. "ಮಿಲಿಂದ ಎಂದಾದ್ರೂ ಟವಲ್ ಹಾಕದೆ ಕಂಬ ಹತ್ಯಾನೇನು? ನಮ್ಮವನ ಟವಲ್ ಅಂತ ತೆಗದು ಒಗದೀರಿ. ನಿಮಗ ನೀರು ದೊಡ್ಡದು, ನಮ್ಮವನ ಜೀವ ಸಣ್ಣದು."

ಒದ್ದೆ ಟವಲು ನನ್ನ ಕೈಯಲ್ಲಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ಹಿಂಡಿ, ಮಡಿಚಿ, ಬುತ್ತಿಯ ಚೀಲದ ಅಡಿಗೆ ಇಟ್ಟೆ.

ಟಂಟಂ ಆಟೋದಲ್ಲಿ ಕಾಕಾನನ್ನು ಹಾಕಿಕೊಂಡು ಕಲಬುರಗಿಗೆ ಹೋದರು. ಎಲ್ಲರೂ ರಸ್ತೆಯ ಕಡೆ ಓಡಿದರು. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಪೈಪು ನಿಂತಿತ್ತು, ಮೊದಲ ನೀರಿನ ವಾಸನೆ ಇನ್ನೂ ಇತ್ತು. ನನಗೆ ಏನೂ ಅನಿಸಲಿಲ್ಲ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಗಿರಣಿಯಲ್ಲಿ ಮೊಣಕೈತನಕ ಹಿಡಿದಿದ್ದ ಜೋಮು ಈಗ ಇಡೀ ಮೈಗೆ ಹಿಡಿದ ಹಾಗಿತ್ತು. ಹಸಿವಾಗಿತ್ತು. ಬುತ್ತಿ ಬಿಚ್ಚಿ ಕಾಕಾನ ನಾಲ್ಕೂ ರೊಟ್ಟಿ ತಿಂದೆ. ಶೇಂಗಾ ಹಿಂಡಿಯ ಕೊನೆಯ ಪುಡಿಯನ್ನೂ ಬೆರಳಿಗೆ ಹಚ್ಚಿ ನೆಕ್ಕಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ನಡೆದದ್ದು ಹೀಗೇ.

ಮನೆಗೆ ಬಂದು ಬಿಳಿ ಟವಲನ್ನು ಕೆಂಪಿನ ಪಕ್ಕದಲ್ಲೇ ಒಣಹಾಕಿದೆ. ಅಳುತ್ತ ಓಡಾಡುತ್ತಿದ್ದ ಕಾಕು ಅದನ್ನು ಕಂಡರೂ ಕಾಣಲಿಲ್ಲ. ಮರುದಿನ ಯಾರೋ ಮಡಿಚಿ ಟ್ರಂಕಿನಲ್ಲಿಟ್ಟರು. ಇಡೀ ಊರು ಹುಡುಕುತ್ತಿದ್ದ ಟವಲು ನಮ್ಮ ಟ್ರಂಕಿನಲ್ಲಿತ್ತು, ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೇಳಬೇಕಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಏಳುತ್ತಿದ್ದೆ. ವಿಹಾರದ ಕಟ್ಟೆಯ ಮೇಲೆ ಜನ ಸೇರಿ ಸಾವಕಾರರ ಹೊಲಕ್ಕೆ ಕೇರಿಯ ಒಬ್ಬ ಆಳೂ ಕಾಲಿಡಬಾರದು ಎಂದು ಮಾತಾಡಿಕೊಂಡರು. ನಾನು ಕಂಬಕ್ಕೆ ಒರಗಿ ನಿಂತು ಕೇಳಿದೆ. ತೊಗರಿ ಕೊಯ್ಲಿಗೆ ಬಂತು. ಎಲ್ಲರ ಹೊಲದಲ್ಲೂ ಕುಡುಗೋಲು ಆಡಿದವು, ಸಾವಕಾರರ ಹೊಲದಲ್ಲಿ ಅವರು, ಅವರ ಹೆಂಡತಿ, ಇಬ್ಬರೇ ಬಗ್ಗಿ ಕೊಯ್ಯುತ್ತಿದ್ದರು. ಒಣಗಿ ನಿಂತ ಕಾಯಿ ಬಿಸಿಲಿಗೆ ಚಟಚಟ ಸಿಡಿದು ಕಾಳು ನೆಲಕ್ಕೆ ಬೀಳುವುದು ದಾರಿಯವರೆಗೂ ಕೇಳುತ್ತಿತ್ತು. ಶಾಲೆಯಿಂದ ಬರುವಾಗ ನಾನು ಆ ಸದ್ದು ಕೇಳುತ್ತ ನಡೆಯುತ್ತಿದ್ದೆ. ನೋಡುವವರಿಗೆ ನಾನು ಸರಿಯಾಗಿಯೇ ಇದ್ದೆ. ಉಣ್ಣುತ್ತಿದ್ದೆ, ಓದುತ್ತಿದ್ದೆ, ಗಿರಣಿಯ ಗುಂಡಿಗೆ ಒಂದು ದಿನವೂ ತಪ್ಪದೆ ನೀರು ಹಾಕುತ್ತಿದ್ದೆ. ಒಳಗೆ ಮಾತ್ರ ಯಾರೋ ಮೇನ್ ಇಳಿಸಿ ಹೋಗಿದ್ದರು.

ಒಂದೂವರೆ ತಿಂಗಳ ಮೇಲೆ ಕಾಕಾ ಬಂದ. ಬಲಗೈಯಲ್ಲಿ ಮೂರು ಬೆರಳು ಹೋಗಿದ್ದವು. ಉಳಿದ ಹೆಬ್ಬೆರಳು, ಕಿರುಬೆರಳಿಗೆ ಬಿಸಿ ತಣ್ಣಗೆ ಏನೂ ತಿಳಿಯುತ್ತಿರಲಿಲ್ಲ. ಸ್ನಾನ ಮಾಡಿ ಟವಲು ಕೇಳಿದ. ಕಾಕು ಟ್ರಂಕಿಗೆ ಕೈಹಾಕಿ ಸಿಕ್ಕಿದ್ದನ್ನು ಕೊಟ್ಟಳು. ಬಿಳಿ ಟವಲು, ನೀಲಿ ಅಂಚು. ಕಾಕಾ ಅದನ್ನು ಎಡಗೈಯಲ್ಲಿ ಹಿಡಿದು ನಿಂತ. ತಿರುಗಿಸಿ ನೋಡಿದ. ಗ್ರೀಸ್ ಹತ್ತಿದ್ದ ಮಗ್ಗುಲನ್ನು ಮೂಗಿಗೆ ಹಿಡಿದ. ಆಮೇಲೆ ನನ್ನ ಕಡೆ ನೋಡಿದ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹತ್ತಿರ ಕೂತಿದ್ದೆ. ಈಗ ಕೇಳುತ್ತಾನೆ, ಕೇಳಲಿ, ಮುಗಿದುಹೋಗಲಿ ಎಂದುಕೊಂಡೆ.

"ಗುಂಡಿಗೆ ನೀರು ಹಾಕಾಕತ್ತೀಯಿಲ್ಲೋ ಬೇ?" ಎಂದ.

"ಹೂಂ ಕಾಕಾ. ದಿನಾ ಹಾಕ್ತೇನಿ."

"ಚಲೋ" ಎಂದು ತಲೆ ಒರೆಸಿಕೊಂಡ.

ಅವನಿಗೆ ತಿಳಿಯಲಿಲ್ಲ ಎಂದುಕೊಂಡೆ. ಸಂಜೆ ಟವಲು ಹೆಗಲಿಗೆ ಹಾಕಿಕೊಂಡು ಎಲ್ಲಿಗೋ ಹೋಗಿಬಂದ. ಮಾರನೆಯ ವರ್ಷ ಸಾವಕಾರರ ಹೊಲಕ್ಕೆ ಮೊದಲು ಕುಡುಗೋಲು ಹಿಡಿದು ಹೋದವನು ಅವನೇ, ಅದೂ ಎಡಗೈಯಲ್ಲಿ. ಕೇರಿಯಲ್ಲಿ ಉಗಿದರು. ಕೈ ತಿಂದವನ ಮನೆಗೆ ದುಡಿಯಲು ಹೋದ, ಮಾನಗೇಡಿ ಎಂದರು. ನಾನೂ ಒಂದು ಸಲ, ಕೇಳಬಾರದ ನಾನು, ಯಾಕೆ ಹೋಗುತ್ತೀ ಎಂದು ಕೇಳಿದೆ. "ತೊಗರಿ ಏನ್ ತಪ್ಪು ಮಾಡ್ಯದ?" ಎಂದು ನಕ್ಕ.

ಹತ್ತನೆಯದು ಪಾಸಾಯಿತು. ಎಲೆಕ್ಟ್ರಿಷಿಯನ್ ಕೋರ್ಸಿಗೆ ಅರ್ಜಿ ತಂದವನು ಕಾಕಾ. ಹುಡುಗಿಯನ್ನು, ಅದೂ ಇಂಥದ್ದು ಕಂಡ ಮನೆಯಿಂದ, ಆ ಕೆಲಸಕ್ಕೆ ಕಳಿಸುತ್ತಾರೇನು ಎಂದು ಕಾಕು ರಂಪ ಮಾಡಿದಳು. ಕಾಕಾ ಕೇಳಲಿಲ್ಲ. ಕೋರ್ಸಿನ ಎರಡನೇ ವಾರ ಮಾಸ್ತರರು ಕೆಂಪು ಕಾರ್ಡು ತೋರಿಸಿ, ಹಾಕಿದವನೇ ತೆಗೆಯಬೇಕು ಎಂದರು. ಪಕ್ಕದ ಹುಡುಗ ಆಕಳಿಸಿದ. ನಾನು ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಆಮೇಲೆ ಕಲಿತದ್ದೆಲ್ಲ, ಈಗಲೂ ರಾತ್ರಿ ಕೂತು ಓದುವುದೆಲ್ಲ, ಆ ಒಂದು ಪುಟದ ಹಿಂದೆ ಬಂದದ್ದು. ಕಲಿತಷ್ಟೂ ಆ ದಿನದ ತಪ್ಪುಗಳು ಹೆಚ್ಚಾಗಿ ಕಂಡವು. ಕಾಕಾ ಟವಲೊಂದನ್ನೇ ನಂಬಬಾರದಿತ್ತು, ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕಿತ್ತು. ಕೆಲಸ ಮಾಡುವ ತಂತಿಯನ್ನು ಮಣ್ಣಿಗೆ ಕಟ್ಟಬೇಕಿತ್ತು. ನಿಜ ಹೇಳಬೇಕೆಂದರೆ ಅವನು ಕಂಬವನ್ನೇ ಹತ್ತಬಾರದಿತ್ತು. ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತೇನೆ. ಟವಲು ತೆಗೆದವಳ ವಿಷಯ ಮಾತ್ರ ಹೇಳುತ್ತಿರಲಿಲ್ಲ. ಕಾಕಾ ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋದ. ಅವನಿಗೂ ಹೇಳಲಿಲ್ಲ.

ಮೊನ್ನೆ ಊರಿನ ಶಾಲೆಯ ಅಂಗಳದಲ್ಲಿ ನನ್ನ ಬೋರ್ಡು, ಕಾರ್ಡು ಎಲ್ಲ ತೋರಿಸಿದೆ. "ಕಂಬ ಹತ್ತಬ್ಯಾಡ್ರಿ, ಲೈನ್‌ಮನ್‌ಗೆ ಫೋನ್ ಹಚ್ರಿ. ಒಂದಿನ ನೀರು ತಡ ಆದ್ರ ಏನೂ ಆಗಂಗಿಲ್ಲ" ಎಂದೆ. "ಲೈನ್‌ಮನ್ ಫೋನ್ ಎತ್ತಿದ್ರ ನಿಮ್ಮನ್ಯಾಕ ಕರೀತಿದ್ರು ಮೇಡಂ?" ಎಂದ ಒಬ್ಬ, ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಗುರುಪಾದಪ್ಪ ಸಾವಕಾರರು ಕೂತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅವರು ನಗಲಿಲ್ಲ.

ಮುಗಿದ ಮೇಲೆ ನಾನು ವ್ಯಾನು ಹತ್ತಲಿಲ್ಲ. ಅವರ ಹಿಂದೆಯೇ ಹೊಲದ ದಾರಿ ಹಿಡಿದೆ. ಟಿಸಿಯ ಹತ್ತಿರ ನಿಂತರು. ಹ್ಯಾಂಡಲ್ ಕೆಳಗಿತ್ತು.

"ಸಾವಕಾರ್ರ, ಆ ದಿನ ಟವಲ್ ನಾ ತೆಗದಿದ್ದೆರಿ" ಎಂದೆ. ಹದಿಮೂರು ವರ್ಷ ಬಾಯಲ್ಲಿಟ್ಟುಕೊಂಡ ಮಾತು, ಹೇಳಲಿಕ್ಕೆ ಒಂದು ಉಸಿರೂ ಹಿಡಿಯಲಿಲ್ಲ.

ಅವರು ಒಂದು ತೊಗರಿಕಾಯಿ ಕಿತ್ತು ಸುಲಿದರು. ಹಸಿ ಕಾಳು ಬಾಯಿಗೆ ಹಾಕಿಕೊಂಡರು.

"ಗೊತ್ತದ" ಎಂದರು.

"ಹ್ಯಾಂಗ್ರಿ?" ಎಂದೆ.

"ನಿಮ್ಮ ಕಾಕಾ ದವಾಖಾನಿಂದ ಬಂದ ದಿನಾನೇ ಸಂಜಿಕ ಬಂದಿದ್ದ. ಆ ಬಿಳಿ ಟವಲ್ ನನ್ನ ಮುಂದ ಇಟ್ಟ. 'ನಮ್ಮ ಹುಡುಗಿ ಒಗದು ಇಟ್ಟಾಳ್ರಿ, ನಿಮ್ಮ ಮಾತು ಖರೇ ಅದ' ಅಂದ. ನಾ ಎದ್ದು ನಿಂತೆ, ನಡಿ ಕಟ್ಟಿ ಮ್ಯಾಲ, ಎಲ್ಲಾರ ಮುಂದ ಹೇಳು ಅಂದೆ. ಅವ ನನ್ನ ಕಾಲ ಹಿಡಿಯಾಕ ಬಗ್ಗಿದ. ಮೂರು ಬೆರಳ ಇಲ್ಲದ ಕೈ. 'ಆಕಿಗೆ ಕರೆಂಟ್ ಅಂದ್ರ ಜೀವ ಅದ ಸಾವಕಾರ್ರ. ಇದು ನಾಲ್ಕು ಮಂದಿ ಬಾಯಾಗ ಬಂತಂದ್ರ ಆಕಿ ಮತ್ತ ಟೆಸ್ಟರ್ ಮುಟ್ಟಂಗಿಲ್ಲ. ಈ ಮಾತು ನೀವು ಹೊತ್ಗೋರಿ, ನಾ ನಿಮ್ಮ ಹೊಲಕ್ಕ ಬರ್ತೇನಿ' ಅಂದ."

"ನೀವು ಹದಿಮೂರು ವರ್ಷ..." ಎಂದೆ.

"ನನ್ನ ದೊಡ್ಡ ಮನಷ್ಯಾ ಮಾಡಬ್ಯಾಡ" ಎಂದು ಸಿಟ್ಟಿನಲ್ಲೇ ಅಂದರು. "ಟವಲ್ ಇಲ್ಲದಿದ್ರೂ ಮೂರು ಸಲ ಕೂಗಬೇಕಿತ್ತು. ನಾ ಒಂದು ಸಲನೂ ಕೂಗಲಿಲ್ಲ. ತ್ರೀ ಫೇಸ್ ಹೋಗೋ ಹೊತ್ತಾಗಿತ್ತು, ಗೋಧಿಗೆ ನೀರು ಬೇಕಾಗಿತ್ತು, ಎತ್ತಿಬಿಟ್ಟೆ. ಊರೆಲ್ಲಾ ಟವಲ್ ಟವಲ್ ಅಂತು. ಕೂಗಿದಿ ಏನಪಾ ಅಂತ ಯಾರೂ ಕೇಳಲಿಲ್ಲ. ನಿಮ್ಮ ಕಾಕಾ ಕಂಬದ ಮ್ಯಾಲಿದ್ದ. ಕೂಗಿದ್ರ ಅವಗ ಕೇಳ್ತಿತ್ತು. ಕೂಗಿಲ್ಲ ಅಂತ ಅವಗೊಬ್ಬಗೇ ಗೊತ್ತಿತ್ತು. ಅವನೂ ಯಾಕ ಕೂಗಲಿಲ್ಲ ಅಂತ ನನ್ನ ಕೇಳಲಿಲ್ಲ."

ಅಷ್ಟು ಹೇಳಿ ಅವರು ತೊಗರಿಯ ಕಡೆ ತಿರುಗಿ ಬಾಯಿಗೆ ಕೈ ಕೊಟ್ಟರು.

"ಯಾರರೆ ಅದೀರೇನ್ರೋ... ಎತ್ತಾಕತ್ತೇನಿ!"

ಗಾಳಿಗೆ ತೊಗರಿ ಅಲುಗಿತು. ಯಾರೂ ಇರಲಿಲ್ಲ. ಮೊನ್ನೆ ಅಲ್ಲಿ ಕಂಬದ ಯಾವ ಕೆಲಸವೂ ನಡೆದಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಆದರೂ ಕಾದರು. ಎರಡನೇ ಸಲ ಕೂಗಿದರು. ಮತ್ತೆ ಕಾದರು. ಮೂರನೇ ಸಲ ಕೂಗಿದಾಗ ದನಿ ಒಡೆಯಿತು, ಹದಿಮೂರು ವರ್ಷದ ಹಿಂದೆ ಕಾಕಾ ಬಿದ್ದಾಗ ಒಡೆದ ಹಾಗೆಯೇ. ನಾನು ಹ್ಯಾಂಡಲಿನ ಮೇಲೆ ನೋಡಿದೆ, ಕೆಳಗೆ ನೋಡಿದೆ, ತೊಗರಿಯ ಆಚೆ ಹೋಗಿ ಎರಡೂ ಕಂಬಗಳ ತುದಿ ನೋಡಿ ಬಂದೆ.

"ಯಾರೂ ಇಲ್ರಿ ಸಾವಕಾರ್ರ" ಎಂದೆ. "ಎತ್ರಿ."

ಎತ್ತಿದರು. ದೂರದಲ್ಲಿ ಪೈಪು ಕೆಮ್ಮಿತು. ಆ ವಾಸನೆ ಬಂದು ತಲುಪುವವರೆಗೆ ಕಾದು ನಿಂತೆ. ಬಂತು. ಹಸಿವಾಗಲಿಲ್ಲ. ನಾಲ್ಕು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅವನ್ನು ಕಾಕಾ ಉಣ್ಣಬೇಕಿತ್ತು ಎಂದು ಅಲ್ಲೇ ಟಿಸಿಯ ಬುಡದಲ್ಲಿ ಕೂತು ಅತ್ತೆ.